ಭಾಗೀರಥಿಯ ಎಮ್ಮೆ

ಸಣ್ಣಕೊಪ್ಪಕ್ಕೆ ಮೊದಲ ಸಲ ಬಸ್ಸು ಬಂದ ದಿನ ಊರೆಲ್ಲ ಅನ್ನಪೂರ್ಣಾಳನ್ನು ಹೊಗಳಿತು. ಅವಳು ಮಾತ್ರ ಗಾಲಿಯ ಮುಂದಿಟ್ಟ ನಿಂಬೆಹಣ್ಣನ್ನೇ ನೋಡುತ್ತ ನಿಂತಿದ್ದಳು. ಹಣ್ಣು ಗಾಲಿಗೆ ಸಿಕ್ಕದೆ ಪಕ್ಕಕ್ಕೆ ಜಾರಿಬಿಟ್ಟರೆ? ಜನ ಅದನ್ನೇ ಅಪಶಕುನ ಎಂದುಕೊಂಡರೆ?

ಹನುಮಪ್ಪನ ಗುಡಿಯ ಕಟ್ಟೆಯೆದುರು ಬಸ್ಸು ಮದುಮಗನ ಹಾಗೆ ನಿಂತಿತ್ತು. ಮೂತಿಗೆ ಚೆಂಡುಹೂವಿನ ಮಾಲೆ, ಗಾಜಿಗೆ ಅರಿಷಿಣ ಕುಂಕುಮ. ಗುಡಿಯ ಪೂಜೆ ಮಾಡುವ ನೀಲಕಂಠ ಭಟ್ಟರು ಕಾಯಿ ಒಡೆದು, ಕೂಡಿದ ಮಂದಿಗೆಲ್ಲ ಕೇಳುವ ಹಾಗೆ ಹೇಳಿದರು:

"ಇದು ಯಾರೂ ಕೊಟ್ಟದ್ದಲ್ಲ. ನಮ್ಮ ಅನ್ನಪೂರ್ಣಾ ಕಿವಿ ಹಿಡದು ಎಳಕೊಂಡು ಬಂದದ್ದು!"

ಮಂದಿ ನಕ್ಕು ಚಪ್ಪಾಳೆ ತಟ್ಟಿತು. ಬಸ್ಸು ಗುರ್ರೆಂದು ಮುಂದೆ ಸರಿಯಿತು. ನಿಂಬೆಹಣ್ಣು ಪಚ್ಚೆಂದಿತು. ಅನ್ನಪೂರ್ಣಾ ಹಿಡಿದಿದ್ದ ಉಸಿರು ಬಿಟ್ಟಳು. ಇಷ್ಟು ವರ್ಷ ಬೇಡಿದ್ದು ಕಣ್ಣೆದುರಿಗೆ ಬಂದು ನಿಂತ ಮೇಲೆ ಮನಸ್ಸಿನೊಳಗೂ ಏನಾದರೂ ಆಗಬೇಕಲ್ಲ ಎಂದು ಸ್ವಲ್ಪ ಹೊತ್ತು ಕಾದಳು. ಏನೂ ಆಗಲಿಲ್ಲ. ನಿಂತು ನಿಂತು ಕಾಲು ನೋಯುತ್ತಿದ್ದವು, ಅಷ್ಟೇ.

ಅನ್ನಪೂರ್ಣಾ ಬೈಲಹೊಂಗಲದ ಒಂದು ಕಣ್ಣಿನ ದವಾಖಾನೆಯಲ್ಲಿ ಪಾಳಿಯ ಚೀಟಿ ಕೊಟ್ಟು ಹೆಸರು ಕೂಗುವ ಕೆಲಸದವಳು. ಮದುವೆಯಾದ ಮೇಲೆ ಸಂಜೆಯ ಶಾಲೆಗೆ ಹೋಗಿ ಹತ್ತನೆಯ ಇಯತ್ತೆ ಪಾಸು ಮಾಡಿಕೊಂಡಿದ್ದಳು. ಆ ಓದಿನ ಮೇಲೆ ಅವಳಿಗೆ ಇಂದಿಗೂ ಪೂರ್ತಿ ಭರವಸೆಯಿಲ್ಲ. ಪ್ರತಿ ಹೆಸರನ್ನೂ ಮನಸ್ಸಿನಲ್ಲಿ ಒಮ್ಮೆ ಓದಿಕೊಂಡೇ ಕೂಗುತ್ತಾಳೆ.

ಬೈಲಹೊಂಗಲಕ್ಕೆ ಹೋಗಬೇಕೆಂದರೆ ಊರಿಂದ ನೇಸರಗಿ ರಸ್ತೆಯ ಕ್ರಾಸಿನವರೆಗೆ ನಡೆಯಬೇಕಿತ್ತು. ಎರೆಹೊಲಗಳ ನಡುವೆ ಒಂದು ತಾಸಿನ ಹಾದಿ. ಬೇಸಿಗೆಗೆ ಮೊಣಕಾಲಿನ ತನಕ ಧೂಳು, ಮಳೆಗಾಲಕ್ಕೆ ಚಪ್ಪಲಿಯನ್ನೇ ನುಂಗುವ ಕೆಸರು. ದಿನಾ ಮುಂಜಾನೆ ಆ ಹಾದಿ ಹಿಡಿಯುವವರು ನಾಲ್ಕೈದು ಜನ ಹೆಂಗಸರು. ಎಲ್ಲರಿಗಿಂತ ಮುಂದೆ ತಂಗೆವ್ವ. ಪೇಟೆಯಲ್ಲಿ ಮೊಸರು ಮಾರುವ ಮುದುಕಿ, ಹಾದಿಯವರಿಗೆಲ್ಲ 'ಅತ್ತಿ'. ತಲೆಯ ಮೇಲೆ ಗಡಿಗೆಯ ಬುಟ್ಟಿ, ಮೊಣಕಾಲಿನಲ್ಲಿ ನೋವು, ಬಾಯಲ್ಲಿ ಮಾತ್ರ ಯಾವ ನೋವೂ ಇಲ್ಲ. ಅವಳ ಹಿಂದೆ ಸುಂದರವ್ವ, ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವವಳು. 

ಒಂದು ಮಳೆಗಾಲ ತಂಗೆವ್ವ ಜಾರಿ ಬಿದ್ದಳು. ಗಡಿಗೆ ಒಡೆದು ಮೊಸರೆಲ್ಲ ಕರಿ ಕೆಸರಿನ ಮೇಲೆ ಹರಿಯಿತು. ಅವಳನ್ನು ಎಬ್ಬಿಸುತ್ತ ಅನ್ನಪೂರ್ಣಾಳ ಬಾಯಿಂದ ತಾನಾಗಿಯೇ ಮಾತು ಬಂದಿತ್ತು:

"ಊರಿಗೆ ಬಸ್ ತರತೇನಿ ಅತ್ತಿ. ನೋಡ ನೀ."

"ತಾರಬೇ ಯವ್ವಾ, ತಾ. ಬರೂಮುಂದ ಒಂದು ಗಡಿಗೀನೂ ತಾ."

ಮಾತು ಕೊಟ್ಟಾಗಿತ್ತು. ಕೊಟ್ಟ ಮಾತು ಅನ್ನಪೂರ್ಣಾಳನ್ನು ನಿದ್ದೆ ಮಾಡಗೊಡುವುದಿಲ್ಲ. ಮರುವಾರವೇ ದವಾಖಾನೆ ಬಿಟ್ಟ ಮೇಲೆ ಡಿಪೋಕ್ಕೆ ಹೋಗಿ ನಿಂತಳು. ಅಲ್ಲಿಂದ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ರಸ್ತೆ ಸಣ್ಣದು ಎಂದರು. ರಸ್ತೆ ದೊಡ್ಡದಾಯಿತು, ಬಸ್ಸಿಲ್ಲ ಎಂದರು. ಬಸ್ಸು ಬಂತು, ಡ್ರೈವರ್ ಇಲ್ಲ ಎಂದರು. ದೊಡ್ಡವರು ಯಾರೋ ಸವದತ್ತಿಗೆ ಬರುತ್ತಾರೆಂದರೆ ಸವದತ್ತಿಗೆ, ಕಿತ್ತೂರಿಗೆ ಬರುತ್ತಾರೆಂದರೆ ಕಿತ್ತೂರಿಗೆ ಹೋಗಿ, ಮಂದಿಯ ಸಂದಿಯಲ್ಲಿ ಕೈ ಮುಗಿದು ನಿಂತು ಬಂದಳು. ಮಾತಾಡಬೇಕಾದಲ್ಲಿ ನೀಲಕಂಠ ಭಟ್ಟರು ಜೊತೆಗೆ ಬಂದರು. ಹೋದಲ್ಲೆಲ್ಲ ಅವಳು ಹೇಳಬೇಕಾದ್ದರಲ್ಲಿ ಅರ್ಧ ಮರೆತೇ ಬರುತ್ತಿದ್ದಳು.

ಆದರೆ ಮರುದಿನ ಮುಂಜಾನೆಯ ಹಾದಿಯಲ್ಲಿ ಅದೇ ಅವಳ ಬಾಯಲ್ಲಿ ಬೇರೆಯಾಗಿಬಿಡುತ್ತಿತ್ತು. "ಸಾಹೇಬರು ಹಿಂಗ ಕನ್ನಡಕ ಏರಿಸಿ, 'ಸಣ್ಣಕೊಪ್ಪ? ಎಲ್ಲಿ ಐತಿ ಅದು? ನಕಾಶದಾಗ ಐತೇನು?' ಅಂದ್ರು. 'ನಕಾಶದಾಗ ಇರಲಿಲ್ಲಂದ್ರ ನಾ ಎಲ್ಲಿಂದ ಬಂದೇನ್ರಿ' ಅಂದ್ನಿ." ಹಾಗೆ ಅಂದಿರಲಿಲ್ಲ. ಅನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು, ಅಷ್ಟೇ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಂಗೆವ್ವ ತಲೆಯ ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದು, "ನಗಸಬ್ಯಾಡಬೇ, ಮೊಸರ ಮಜ್ಜಿಗಿ ಆಕ್ಕೈತಿ" ಎನ್ನುತ್ತಿದ್ದಳು.

ಆ ಹಾದಿಗೊಂದು ಕಟ್ಟಳೆಯಿತ್ತು. ದಿನಕ್ಕೊಬ್ಬಳದು ಮಾತಿನ ಪಾಳಿ. ಪಾಳಿಯವಳು ಹೇಳಬೇಕು, ಉಳಿದವರು ಹೂಂ ಅನ್ನಬೇಕು. ಕ್ರಾಸು ಬಂದು ಬಸ್ಸು ಕಂಡಿತೆಂದರೆ ಮಾತು ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಹಾದಿಯಲ್ಲಿ ಆಡಿದ್ದನ್ನು ಊರೊಳಗೆ ಎತ್ತುವಂತಿಲ್ಲ. ಒಂದು ದಿನ ತಪ್ಪಿಸಿಕೊಂಡವಳು ನಿನ್ನೆ ಏನಾಯಿತೆಂದು ಕೇಳುವಂತಿಲ್ಲ. ಯಾಕೆಂದರೆ ಅಲ್ಲಿ ಇಲ್ಲಿ ಕೇಳಿ ಹೇಳಿ ಮಾಡಿದರೆ ಹಾದಿಯ ಮಾತು ನಳದ ಕಟ್ಟೆಗೆ ಬರುತ್ತದೆ, ನಳದ ಕಟ್ಟೆಯಿಂದ ಅತ್ತೆಯ ಕಿವಿಗೆ ಹೋಗುತ್ತದೆ. ಅತ್ತೆ, ಗಂಡ, ಮೈದುನ, ಮಗ್ಗುಲ ಮನೆಯವರು, ಯಾರದೂ ಕಿವಿಯಿಲ್ಲದ ಜಾಗ ಅವರಿಗೆಲ್ಲ ಅದೊಂದೇ.

ತಂಗೆವ್ವನ ಪಾಳಿ ಬಂದಾಗ ಅವಳು ಹೇಳುತ್ತಿದ್ದದ್ದು ತನ್ನ ನಾದಿನಿ ಭಾಗೀರಥಿಯ ಎಮ್ಮೆಯ ಕತೆ. ರಾಮದುರ್ಗದ ಭಾಗೀರಥಿ ಹೊಸದಾಗಿ ಕೊಂಡ ಎಮ್ಮೆಯನ್ನು ಹೊಡೆದುಕೊಂಡು ಬರುವಾಗ ಅದು ಹಗ್ಗ ಹರಿದುಕೊಂಡು ಓಡಿತಂತೆ. ಭಾಗೀರಥಿ ಹುಡುಕುತ್ತ ಹೊರಟಳು. ಮುನವಳ್ಳಿಯಲ್ಲಿ ಯಾರೋ ಕಂಡಿದ್ದರು. ನವಿಲುತೀರ್ಥದ ಕಾಲುವೆಯಲ್ಲಿ ಮುಳುಗಿ ಮೂಗಷ್ಟೇ ಹೊರಗಿಟ್ಟದ್ದೊಂದು ಎಮ್ಮೆಯಿತ್ತು, ಅದಲ್ಲ. ಸವದತ್ತಿಯಲ್ಲಿ ಒಬ್ಬ ಮುದುಕ ಅವಳಿಗೆ ಉಂಡಿ ಕೊಟ್ಟು ಮಗನಿಗೆ ತಂದುಕೊಳ್ಳುತ್ತೇನೆಂದ. ಕಿತ್ತೂರಿನ ಸಂತೆಯಲ್ಲಿ ಅವಳದರಂತೆಯೇ ಬಿಳಿಯ ಹಣೆಬೊಟ್ಟಿನ ಎಮ್ಮೆ ಮಾರಾಟಕ್ಕೆ ನಿಂತಿದೆ ಎಂಬ ಸುದ್ದಿ ಬಂತು. ಕತೆ ಒಂದೊಂದು ಊರಿನಲ್ಲಿ ಒಂದೊಂದು ತಿಂಗಳು ಕಳೆಯುತ್ತಿತ್ತು. ಎಮ್ಮೆ ಬರೀ ಎಮ್ಮೆಯಾಗಿ ಉಳಿಯಲಿಲ್ಲ, ಹಾದಿಯ ಹೆಂಗಸರೆಲ್ಲರ ಮನೆಯ ಸಂಕಟಗಳೂ ಅದರ ಬಾಲ ಹಿಡಿದು ನಡೆಯುತ್ತಿದ್ದವು. ಸುಂದರವ್ವನ ಗಂಡ ಕೈ ಮಾಡಿದ ವಾರ ಭಾಗೀರಥಿ ಯಾರೋ ಒಬ್ಬ ಗಂಡಸಿಗೆ ಎಮ್ಮೆಯ ಹಗ್ಗದಿಂದಲೇ ಬಾರಿಸಿದಳು. 

"ಖರೇ ಹೇಳ ಅತ್ತಿ, ಎಮ್ಮಿ ಸಿಗತೈತಿಲ್ಲೋ?" ಎಂದು ಅನ್ನಪೂರ್ಣಾ ಕೇಳುತ್ತಿದ್ದಳು.

"ನಿನ್ನ ಬಸ್ ಸಿಗತೈತಿಲ್ಲೋ? ಹಾಂಗ!"

ಬಸ್ಸು ಸಿಕ್ಕಿತು. ಮೊದಲ ವಾರ ಎಲ್ಲರೂ ಹತ್ತಿದರು. ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲ, ಆಧಾರ ತೋರಿಸಿದರೆ ಆಯಿತು. "ನನ್ನ ಮಾರಿ ನೋಡಿದ್ರ ಹೆಂಗಸು ಅಂತ ತಿಳಿಯೂದಿಲ್ಲನೋ ತಮ್ಮಾ?" ಎಂದು ತಂಗೆವ್ವ ಕಂಡಕ್ಟರನನ್ನು ಕೇಳಿ ಬಸ್ಸನ್ನೆಲ್ಲ ನಗಿಸಿದಳು. ಆದರೆ ಕುಳಿತ ಮೇಲೆ ಯಾರೂ ಮಾತಾಡಲಿಲ್ಲ. ಮುಂದಿನ ಸೀಟಿನಲ್ಲಿ ಸುಂದರವ್ವನ ಮೈದುನನಿದ್ದ. ಎಲ್ಲರೂ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದರು. ಹತ್ತು ನಿಮಿಷಕ್ಕೆ ಕ್ರಾಸು ಬಂದೇಬಿಟ್ಟಿತು.

ಎರಡನೆಯ ವಾರ ಗಂಡಸರು ಮೋಟಾರು ಸೈಕಲ್ಲಿಗೆ ಮರಳಿದರು. ಮೂರನೆಯ ವಾರ ತಂಗೆವ್ವ ಬರಲಿಲ್ಲ, ಸುಂದರವ್ವನೂ ಬರಲಿಲ್ಲ. ಬಸ್ಸಿನೊಳಗೆ ಅನ್ನಪೂರ್ಣಾ ಮತ್ತು ಪ್ರಜ್ಞಾ, ಇಬ್ಬರೇ. ಪ್ರಜ್ಞಾ ಭಟ್ಟರ ಮೊಮ್ಮಗಳು. ಬಸ್ಸು ಬಂದದ್ದಕ್ಕೇ ಅವಳನ್ನು ಬೈಲಹೊಂಗಲದ ಕಾಲೇಜಿಗೆ ಹಾಕಿದ್ದರು. ಅದೂ ಅನ್ನಪೂರ್ಣಾ ಮನೆಯಿಂದ ಕಾಲೇಜಿನ ತಿರುವಿನ ತನಕ ಜೊತೆಗಿರಬೇಕು ಎಂಬ ಕರಾರಿನ ಮೇಲೆ.

ಬಸ್ಸು ಕ್ರಾಸಿನ ಹತ್ತಿರ ಬಂದಾಗ ಕಿಟಕಿಯಲ್ಲಿ ಅವರು ಕಂಡರು. ಹೊಲದ ಬದಿಗೆ ಸಾಲಾಗಿ ನಡೆದು ಹೋಗುತ್ತಿದ್ದರು. ಮುಂದೆ ತಂಗೆವ್ವ, ಬುಟ್ಟಿ, ಕುಂಟುವ ಕಾಲು. ಹಿಂದಿನಿಂದ ಸುಂದರವ್ವ ಏನೋ ಹೇಳಿದಳು, ಎಲ್ಲರೂ ಒಮ್ಮೆಲೇ ನಕ್ಕರು. ಬಸ್ಸಿನ ಧೂಳು ಅವರ ಮೇಲೆ ಬಿತ್ತು. ಬಸ್ಸು ಕ್ರಾಸಿನಲ್ಲಿ ನಿಂತಾಗ ಅವರು ಹತ್ತಲಿಲ್ಲ. ಕಾಣದವರ ಹಾಗೆ ಬೇರೆ ಕಡೆ ಮುಖ ಮಾಡಿ ಹಿಂದೆ ಬರುವ ನೇಸರಗಿಯ ಬಸ್ಸಿಗೆ ಕಾದರು.

ಅಂದೆಲ್ಲ ಅನ್ನಪೂರ್ಣಾ ದವಾಖಾನೆಯಲ್ಲಿ ಹೆಸರುಗಳನ್ನು ತಪ್ಪು ತಪ್ಪಾಗಿ ಕೂಗಿದಳು. ತಾನು ಏನು ತಪ್ಪು ಮಾಡಿದೆ? ಕಟ್ಟೆಯ ಮುಂದೆ ಹೊಗಳಿಸಿಕೊಂಡದ್ದು ಅವರಿಗೆ ಸೇರಲಿಲ್ಲವೇ? ಸೊಕ್ಕು ಬಂತೆಂದರೇ? ಐತವಾರ ಮನಸ್ಸು ತಡೆಯದೆ ತಂಗೆವ್ವನ ಮನೆಗೆ ಹೋದಳು. ತಂಗೆವ್ವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದಳು.

"ಈ ಕಾಲಿನ ಸಲವಾಗಿ ಬಸ್ ತಂದ್ನೆಲ್ಲ ಅತ್ತಿ," ಎಂದಳು. ಸಿಟ್ಟಿನಿಂದ ಹೇಳಬೇಕೆಂದಿದ್ದಳು, ಅಳು ಬಂದ ಹಾಗಾಯಿತು.

"ಕುಂಡ್ರು ಮೊದಲ." ತಂಗೆವ್ವ ಎಣ್ಣೆಯ ಬಟ್ಟಲು ಸರಿಸಿದಳು. "ನಿನ್ನ ಬಸ್ಸಿಗೆ ಏನೂ ಆಗಿಲ್ಲಬೇ. ಚಲೋ ಐತಿ. ಆದ್ರ ಅದು ಕಟ್ಟಿ ಮುಂದ ನಿಂದರತೈತಿ. ಕಟ್ಟಿ ಮ್ಯಾಲ ಯಾರ ಕುಂತಿರತಾರ? ಸುಂದ್ರಿ ಮಾವ. ಹಿಂದಕ ಅಕಿ ಏಳಕ್ಕ ಮನಿ ಬಿಡತಿದ್ಲು, ಯಾರೂ ಕೇಳತಿರಲಿಲ್ಲ. ಈಗ ಅಕಿ ಅತ್ತಿ ಏನಂತಾಳ? 'ಬಸ್ ಎಂಟಕ್ಕ ಐತಿ, ಏಳಕ್ಕ ಎಲ್ಲಿಗೆ ಹೊಂಟಿ? ಎರಡು ಬುಟ್ಟಿ ಸಗಣಿ ಬಳದು ಹೋಗು' ಅಂತಾಳ. ಸಂಜಿಮುಂದ? 'ಬಸ್ಸಿನ ಸಪ್ಪಳ ಕೇಳಿಸ್ತು, ನೀ ಎಲ್ಲಿದ್ದಿ?' ನೀ ಬಸ್ ತಂದಿ ಅನಪೂರ್ಣಿ. ಅದರ ಕೂಡ ಗಡಿಯಾರಾನೂ ತಂದಿ."

"ಮತ್ತ ಈಗೇನ ಹೇಳಿ ನಡಕೋತ ಹೊಂಟೀರಿ?"

"ಬಸ್ಸಿನ್ಯಾಗ ವಾಂತಿ ಬರತೈತಿ ಅಂತ ಹೇಳೇವಿ. ಎಲ್ಲಾರಿಗೂ ಬರತೈತಿ." ತಂಗೆವ್ವ ನಕ್ಕಳು. ಅನ್ನಪೂರ್ಣಾ ನಗಲಿಲ್ಲ.

"ಇಷ್ಟು ವರ್ಷ ಓಡ್ಯಾಡಿದ್ನಿ. ಒಬ್ಬರರ ಬ್ಯಾಡ ಅನಬೇಕಿತ್ತಿಲ್ಲೋ?"

"ಹ್ಯಾಂಗ ಅನ್ನೂದು? ಬಸ್ಸಿನ ಮಾತು ಹೇಳೂಮುಂದ ನಿನ್ನ ಮಾರಿ ನೀ ನೋಡಿಲ್ಲ. ಸಾಹೇಬ ಹಿಂಗಂದ, ಸಾಹೇಬ ಹಾಂಗಂದ. ಎಷ್ಟು ನಗಸತಿದ್ದಿ ಯವ್ವಾ! ನಿನ್ನ ಪಾಳಿ ಯಾವಾಗ ಬರತೈತಿ ಅಂತ ಕಾಯತಿದ್ವಿ. ನಮಗೇನ ಗೊತ್ತು, ನೀ ಖರೇನ ಬಸ್ ತರತೀ ಅಂತ?"

ಅನ್ನಪೂರ್ಣಾ ಮನೆಗೆ ಬಂದು ರೊಟ್ಟಿಯ ಹಿಟ್ಟು ನಾದಿದಳು. ನಾದುತ್ತಲೇ ಇದ್ದಳು. ಗಂಡ ಬಂದು "ಇನ್ನೂ ಎಷ್ಟ ನಾದತಿ?" ಎಂದಾಗ ಕೈ ನಿಲ್ಲಿಸಿದಳು.

ಮುಂದಿನ ತಿಂಗಳು ನೀಲಕಂಠ ಭಟ್ಟರು ಅವಳ ಮನೆ ಬಾಗಿಲಿಗೇ ಬಂದರು. ಒಳಗೆ ಬರದೆ ಜಗಲಿಯ ಮೇಲೆ ಕುಳಿತರು.

"ಕಂಡಕ್ಟರ್ ಹೇಳಿದಾ. ಡಿಪೋದಾಗ ಮಾತು ನಡದದ ಅಂತ. ಖಾಲಿ ಬಸ್ಸು ಯಾಕ ಓಡಸಬೇಕು ಅಂತಾರ. ಈ ತಿಂಗಳು ನೋಡಿ ಬಂದ್ ಮಾಡ್ತಾರಂತ." ಒಂದು ಸಲ ಕೆಮ್ಮಿದರು. "ಬಸ್ಸು ನಿಂತರ ನಮ್ಮ ಪ್ರಜ್ಞಾನ ಕಾಲೇಜೂ ನಿಂತ್ಹಾಂಗ. ಅವರಪ್ಪನ ಸ್ವಭಾವ ನಿನಗ ಗೊತ್ತದ. ವರ ನೋಡ್ಲಿಕ್ಕೆ ಶುರು ಮಾಡೇಬಿಡ್ತಾನ. ಏನರ ಮಾಡವಾ. ತಂದಾಕಿ ನೀನು, ಉಳಸಾಕಿನೂ ನೀನ ಆಗಬೇಕು."

ತಂದವಳೇ ಉಳಿಸಬೇಕು. ತರುವಾಗ ಆಗದ ದಣಿವು ಆ ಮಾತು ಕೇಳಿದೊಡನೆ ಅವಳ ಬೆನ್ನಿಗೆ ಇಳಿಯಿತು. ಬಸ್ಸು ನಿಂತುಹೋಗಲಿ, ಮತ್ತೆ ಏಳಕ್ಕೆ ಮನೆ ಬಿಟ್ಟು ಅವರ ಜೊತೆ ನಡೆಯುತ್ತೇನೆ ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆ ಹುಡುಗಿ ದಿನಾ ಬಸ್ಸಿನಲ್ಲಿ ಪುಸ್ತಕ ತೆರೆದು ಪಕ್ಕದಲ್ಲೇ ಕುಳಿತಿರುತ್ತದೆ. 

ಮರುದಿನ ಕ್ರಾಸಿನಲ್ಲಿ ಬಸ್ಸು ನಿಂತಾಗ ಅನ್ನಪೂರ್ಣಾ ಬಾಗಿಲಿನ ಮೆಟ್ಟಿಲಿಗೆ ಬಂದು ನಿಂತಳು. ಹೆಂಗಸರು ಎಂದಿನಂತೆ ಆ ಕಡೆ ಮುಖ ಮಾಡಿದ್ದರು.

"ಅತ್ತೀ," ಎಂದಳು. ದನಿ ಏಳಲಿಲ್ಲ. ಮತ್ತೆ ಕೂಗಿದಳು, ದವಾಖಾನೆಯಲ್ಲಿ ಕೂಗುವ ಹಾಗೆ. "ತಂಗೆವ್ವಾ! ಸುಂದರವ್ವಾ! ಊರಾಗ ಹತ್ತಬ್ಯಾಡ್ರಿ. ನಡಕೋತ ಬರ್ರಿ, ಯಾರ ಬ್ಯಾಡಂದ್ರು? ಇಲ್ಲೆರ ಹತ್ರಿ."

ತಂಗೆವ್ವ ತಿರುಗಿ ನೋಡಿದಳು. "ನಿನಗ ಸಿಟ್ಟಿಲ್ಲನು?"

"ಇಲ್ಲ."

"ಊರಾಗ ಬಿಟ್ಟು ಇಲ್ಲೆ ಹತ್ತಿದ್ರ ನಿನ್ನ ಮಾರಿಗೆ ಹೊಡದಂಗ ಆಕ್ಕೈತಿ ಅಂತ ಇಷ್ಟು ದಿನ ನಿಂತ್ವಿ."

"ಅವ್ವಾರ, ಒಳಗರ ಬರ್ರಿ, ಹೊರಗರ ಇರ್ರಿ," ಎಂದ ಕಂಡಕ್ಟರ್. "ಬಾಗಲಾ ಹಿಡದು ಬೀಗತನ ಮಾತಾಡಬ್ಯಾಡ್ರಿ."

ಅವರು ಹತ್ತಿದರು. ಮರುದಿನವೂ ಹತ್ತಿದರು. ಅವರನ್ನು ನೋಡಿ ಕ್ರಾಸಿನ ಆಚೆಯ ಹೊಲಮನೆಗಳ ಮಂದಿಯೂ ಹತ್ತತೊಡಗಿದರು. ಬಸ್ಸು ನಿಲ್ಲಲಿಲ್ಲ. ಭಟ್ಟರು ಕಟ್ಟೆಯ ಮೇಲೆ ಮತ್ತೊಮ್ಮೆ ಅವಳನ್ನು ಹೊಗಳಿದರು. ಅನ್ನಪೂರ್ಣಾ ಊರಿಂದ ಕ್ರಾಸಿನ ತನಕ ಪ್ರಜ್ಞಾಳ ಪಕ್ಕ ಕುಳಿತು ಕಿಟಕಿಯಲ್ಲಿ ಅವರನ್ನು ನೋಡುತ್ತಿದ್ದಳು. ಕ್ರಾಸಿನಲ್ಲಿ ಅವರು ಹತ್ತುವಾಗ ಕಟ್ಟಳೆಯಂತೆ ಮಾತು ನಿಂತಿರುತ್ತಿತ್ತು. ಒಳಗೆ ಬಂದು ಕುಳಿತು ಟೊಮೇಟೊ ಧಾರಣೆ, ಮೊಣಕಾಲಿನ ಗುಳಿಗೆ, ಅಷ್ಟನ್ನೇ ಮಾತಾಡುತ್ತಿದ್ದರು. ಅವರ ಕಣ್ಣಂಚಿನಲ್ಲಿ ನಗು ಇನ್ನೂ ಒಣಗಿರುತ್ತಿರಲಿಲ್ಲ. ಏನಾಯಿತೆಂದು ಅವಳು ಕೇಳುವಂತಿರಲಿಲ್ಲ.

ದಸರೆಗೆ ಕಾಲೇಜಿಗೆ ರಜೆ ಬಂತು. ದವಾಖಾನೆಗೆ ರಜೆಯಿರಲಿಲ್ಲ. ಅನ್ನಪೂರ್ಣಾ ನಸುಕಿನಲ್ಲೇ ಎದ್ದು, ಬುತ್ತಿ ಕಟ್ಟಿ, ಏಳು ಹೊಡೆಯುವ ಮೊದಲೇ ಹಾದಿಗೆ ಬಂದು ನಿಂತಳು. ಹತ್ತಿ ಒಡೆದಿತ್ತು. ಹೊಲದ ಮೇಲೆ ತೆಳ್ಳಗೆ ಮಂಜು ಕುಳಿತಿತ್ತು.

"ಯಾರಬೇ ಇದು? ಬಸ್ಸಿನ ಮಾಲಕರು!" ಎಂದು ಸುಂದರವ್ವ ಕೈ ಹಿಡಿದಳು. ನಡೆಯತೊಡಗಿದರು. ಅನ್ನಪೂರ್ಣಾಳ ಹೆಜ್ಜೆ ಅವರಿಗೆ ಕೂಡುತ್ತಿರಲಿಲ್ಲ, ಬೇಗ ಏದುಸಿರು ಬಂತು. ಸ್ವಲ್ಪ ದೂರ ಹೋದ ಮೇಲೆ, ಇಷ್ಟು ದಿನ ತುಟಿಯ ತುದಿಗಿದ್ದದ್ದನ್ನು ಕೇಳಿಯೇಬಿಟ್ಟಳು:

"ಭಾಗೀರಥಿ ಎಲ್ಲಿಗೆ ಬಂದ್ಲು ಅತ್ತಿ? ಕಿತ್ತೂರ ದಾಟಿದ್ಲು?"

ಸುಂದರವ್ವ ತಂಗೆವ್ವನ ಬೆನ್ನು ನೋಡಿದಳು.

"ಅದು ಮುಗೀತಲ್ಲಬೇ," ಎಂದಳು ತಂಗೆವ್ವ, ತಿರುಗದೆ. "ಹೋದ ತಿಂಗಳ ಮುಗಸಿಬಿಟ್ನಿ."

ಹೊರೆಗಲ್ಲು ಬಂತು. ಹಾದಿಯ ನಡುವೆ, ತಲೆಯ ಮೇಲಿನ ಹೊರೆ ಇಳಿಸಲೆಂದು ಹಿಂದಿನವರು ನೆಟ್ಟ ಎದೆಯೆತ್ತರದ ಕಲ್ಲು. ತಂಗೆವ್ವ ಅದರ ಮೇಲೆ ಬುಟ್ಟಿಯಿಟ್ಟು ಮೊಣಕಾಲು ಒತ್ತಿಕೊಂಡಳು. ಅನ್ನಪೂರ್ಣಾ ದೂರ ನಿಂತು ಹತ್ತಿಯ ಗಿಡಗಳನ್ನು ನೋಡುತ್ತಿದ್ದಳು. ಬಸ್ಸು ಬಂದಾಗ ಏನೂ ಆಗದ ಮನಸ್ಸಿಗೆ ಈಗ ಏನೋ ಆಗುತ್ತಿತ್ತು.

ಸುಂದರವ್ವ ಮೆಲ್ಲಗೆ ಹತ್ತಿರ ಬಂದಳು. "ಕಟ್ಟಳಿ ಸುಡ್ಲಿ. ನಾ ಹೇಳತೇನಿ ಕೇಳ. ಭಾಗೀರಥಿ ಸಂಪಗಾಂವಕ ಹೋದ್ಲಾ, ಅಲ್ಲೆ ಎಮ್ಮಿ..."

ಅನ್ನಪೂರ್ಣಾ ಥಟ್ಟನೆ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. ತಾನೇಕೆ ಹಾಗೆ ಮಾಡಿದೆನೆಂದು ಅವಳಿಗೂ ತಿಳಿಯಲಿಲ್ಲ. "ಬ್ಯಾಡ," ಎಂದಳು. "ಬ್ಯಾಡ ಸುಂದ್ರಿ. ಇರಲಿ ಬಿಡ."

ತಂಗೆವ್ವ ಕಲ್ಲಿಗೆ ಒರಗಿಕೊಂಡು ಇಬ್ಬರನ್ನೂ ನೋಡಿದಳು. ಮುಖದ ಮೇಲೆ ಎಂದಿನ ಚೇಷ್ಟೆಯಿರಲಿಲ್ಲ.

"ಕೇಳಿದ್ರೂ ಅದರಾಗ ಅಂಥಾದ್ದೇನ ಇಲ್ಲ ತಗೋ," ಎಂದಳು. "ಮುಗಸಬಾರದಿತ್ತು. ಅವತ್ತ ಕಾಲು ಭಾಳ ನೋಯಾಕತ್ತಿತ್ತು. ಸಾಕಾತು, ಮುಗಸಿಬಿಟ್ನಿ. ಆಗಿನಿಂದ ನನ್ನ ಪಾಳಿ ಬಂದ್ರ ಏನ ಹೇಳೂದೂ ತಿಳಿವಲ್ದು." ಬುಟ್ಟಿ ಎತ್ತಿಕೊಳ್ಳಲು ಕೈ ಚಾಚಿದಳು. ಅನ್ನಪೂರ್ಣಾ ಹೋಗಿ ಎತ್ತಿ ಅವಳ ತಲೆಯ ಮೇಲಿಟ್ಟಳು.

ಕ್ರಾಸಿನ ತನಕ ಸುಂದರವ್ವ ಖಾನಾವಳಿಯ ಮಾಲೀಕನ ಹೊಸ ಹಲ್ಲಿನ ಸೆಟ್ಟಿನ ಬಗ್ಗೆ ಹೇಳಿದಳು. ಎಲ್ಲರೂ ಹೂಂ ಎಂದರು.

ರಜೆ ಮುಗಿಯಿತು. ಅನ್ನಪೂರ್ಣಾ ಮತ್ತೆ ಕಟ್ಟೆಯ ಮುಂದೆ ಬಸ್ಸು ಹತ್ತಿ ತನ್ನ ಸೀಟಿನಲ್ಲಿ ಕುಳಿತಳು. ಪ್ರಜ್ಞಾ ಪುಸ್ತಕ ತೆರೆಯಲಿಲ್ಲ. ಕಿಟಕಿಗೆ ಹಣೆ ಹಚ್ಚಿ ಹೊರಗೆ ನೋಡುತ್ತಿದ್ದಳು.

"ಅನ್ನಪೂರ್ಣಕ್ಕಾ, ಅವರು ದಿನಾ ಅದೇನು ಮಾತಾಡಿಕೋತ ನಗ್ತಾರ?"

ಅನ್ನಪೂರ್ಣಾ ಮುಂದೆ ಹಿಂದೆ ನೋಡಿದಳು. ಬಸ್ಸಿನಲ್ಲಿ ಅವರಿಬ್ಬರೇ. ಕಂಡಕ್ಟರ್ ಡ್ರೈವರನ ಪಕ್ಕ ನಿಂತು ತೂಕಡಿಸುತ್ತಿದ್ದ. ಹಾದಿಯ ಮಾತು ಹಾದಿಗೇ, ಅದು ಕಟ್ಟಳೆ. ಬಸ್ಸು ಓಡುತ್ತಿರುವುದೂ ಅದೇ ಹಾದಿಯ ಮೇಲೆಯೇ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ಅದು ಸರಿಯೋ ತಪ್ಪೋ ಎಂಬ ಅಳುಕು ಹೋಗಲಿಲ್ಲ. ಆದರೂ ಶುರು ಮಾಡಿದಳು.

"ರಾಮದುರ್ಗದಾಗ ಭಾಗೀರಥಿ ಅಂತ ಒಬ್ಬಾಕಿ. ಅಕೀದೊಂದು ಎಮ್ಮಿ. ಹಣಿ ಮ್ಯಾಲ ಬಿಳೇ ಬೊಟ್ಟು. ಹೂಂ ಅನಬೇಕು ನೋಡ, ಇಲ್ಲಂದ್ರ ನಾ ಹೇಳೂದಿಲ್ಲ."

"ಹೂಂ."

ಹತ್ತು ನಿಮಿಷದ ಹಾದಿ, ಹೆಚ್ಚು ಹೇಳಲಾಗುವುದಿಲ್ಲ. ಹಗ್ಗ ಹರಿಯುವುದರೊಳಗೆ ಹೊರೆಗಲ್ಲು ದಾಟಿತ್ತು. ಮುನವಳ್ಳಿಯ ದಾರಿ ಹಿಡಿಯುವ ಹೊತ್ತಿಗೆ ದೂರದಲ್ಲಿ ಕ್ರಾಸು ಕಂಡಿತು.

"ಕಡೀಕ ಎಮ್ಮಿ ಸಿಕ್ತೇನು?" ಎಂದು ಪ್ರಜ್ಞಾ ತಡೆಯಲಾರದೆ ಕೇಳಿದಳು.

ಅನ್ನಪೂರ್ಣಾ ಕಿಟಕಿಯಾಚೆ ನೋಡಿದಳು. ಕ್ರಾಸಿನಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ತಂಗೆವ್ವ ಒಂದು ಕೈಯಲ್ಲಿ ಬುಟ್ಟಿ ಹಿಡಿದು, ನಿಲ್ಲಿಸು ಎಂದು ಇನ್ನೊಂದು ಕೈ ಮೇಲೆತ್ತಿದ್ದಳು.

"ಇಲ್ಲ," ಎಂದಳು. "ಇನ್ನೂ ಹುಡಕಾಕತ್ತಾಳ."